ಹವಾಮಾನದ ಹೆಸರು, ನೀರಿನ ದಾರಿ: ಬಡವರ ಕಾಯಿಲೆಯನ್ನು ಯಾರು, ಹೇಗೆ ಅಳೆಯುತ್ತಾರೆ?

2010ರ ಅಕ್ಟೋಬರ್‌ನಲ್ಲಿ ಹೈಟಿಯಲ್ಲಿ ಕಾಲರಾ ಕಾಣಿಸಿಕೊಂಡಾಗ ಅದಕ್ಕೆ ಎರಡು ವಿವರಣೆಗಳು ಹುಟ್ಟಿಕೊಂಡವು. ಮೊದಲನೆಯದು ಪ್ರಕೃತಿಯ ಕಡೆಗೆ ಬೆರಳು ತೋರಿಸುತ್ತಿತ್ತು. ಜನವರಿಯ ಭೂಕಂಪ ದೇಶವನ್ನು ನೆಲಸಮ ಮಾಡಿತ್ತು, ಬೇಸಿಗೆ ಬಿಸಿಯಾಗಿತ್ತು, ಆಮೇಲೆ ಮಳೆ ಸುರಿದಿತ್ತು. ಬೆಚ್ಚಗಿನ ಕರಾವಳಿ ನೀರಿನಲ್ಲಿ ಸಹಜವಾಗಿ ಬದುಕಿರುವ ರೋಗಾಣು ಈ ಹವೆಗೆ ಹೆಚ್ಚಿಕೊಂಡು ಜನರನ್ನು ತಲುಪಿತು ಎಂಬ ವಾದ ಅದು. ಎರಡನೆಯದು ಒಂದು ನಿರ್ದಿಷ್ಟ ಕೊಳವೆಯ ಕಡೆಗೆ ಬೆರಳು ತೋರಿಸುತ್ತಿತ್ತು. ಮಿರ್ಬಲೆ ಪಟ್ಟಣದ ಸಮೀಪ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರವಿತ್ತು. ಅಲ್ಲಿನ ಮಲಿನ ನೀರು ಆರ್ಟಿಬೊನೀಟ್ ನದಿಯ ಉಪನದಿಗೆ ಸೇರುತ್ತಿತ್ತು. ಅಲ್ಲಿಗೆ ಹೊಸದಾಗಿ ಬಂದ ಸೈನಿಕರು ನೇಪಾಳದವರು, ನೇಪಾಳದಲ್ಲಿ ಆಗ ಕಾಲರಾ ಇತ್ತು.

ಫ್ರೆಂಚ್ ತಜ್ಞ ರೆನೋ ಪಿಯಾರೂ ಮೊದಲ ರೋಗಿಗಳು ಎಲ್ಲಿದ್ದರು, ರೋಗ ನದಿಯಗುಂಟ ಯಾವ ದಿಕ್ಕಿಗೆ ಇಳಿಯಿತು ಎಂಬುದನ್ನು ಊರೂರು ಹಿಡಿದು ಗುರುತಿಸಿದರು. 2011ರಲ್ಲಿ ರೋಗಾಣುವಿನ ಜೀನೋಮ್ ಪರೀಕ್ಷೆ ಹೈಟಿಯ ತಳಿ ನೇಪಾಳದ ತಳಿಗೆ ಹೊಂದುತ್ತದೆ ಎಂದು ತೋರಿಸಿತು. ಅದೇ ವರ್ಷ ವಿಶ್ವಸಂಸ್ಥೆ ನೇಮಿಸಿದ್ದ ತಜ್ಞರ ಸಮಿತಿ ಮಾತ್ರ ಹಲವು ಸಂದರ್ಭಗಳು ಒಟ್ಟುಗೂಡಿ ಹೀಗಾಯಿತು, ಇದರಲ್ಲಿ ಯಾವ ವ್ಯಕ್ತಿಯ ಅಥವಾ ಗುಂಪಿನ ತಪ್ಪೂ ಇಲ್ಲ ಎಂದು ಬರೆದು ಕೈತೊಳೆದುಕೊಂಡಿತು. ಎರಡು ವರ್ಷದ ಬಳಿಕ ಅದೇ ಸದಸ್ಯರು ಶಿಬಿರವೇ ಮೂಲವಾಗಿರುವ ಸಾಧ್ಯತೆ ಅತ್ಯಧಿಕ ಎಂದು ಒಪ್ಪಿದರು. ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಹೈಟಿಯ ಜನರ ಕ್ಷಮೆ ಕೇಳಿದ್ದು 2016ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಎಂಟು ಲಕ್ಷದಷ್ಟು ಜನ ಕಾಯಿಲೆ ಬಿದ್ದಿದ್ದರು, ಸತ್ತವರ ಸಂಖ್ಯೆ ಹತ್ತು ಸಾವಿರದ ಹತ್ತಿರ ಬಂದಿತ್ತು.

ಹವಾಮಾನ, ನೀರು ಮತ್ತು ಸಾರ್ವಜನಿಕ ಆರೋಗ್ಯ ಎಂಬ ಮೂರನ್ನು ಒಂದೇ ಉಸಿರಿನಲ್ಲಿ ಹೇಳುವುದು ಈಗ ಸಂಶೋಧನಾ ಸಂಸ್ಥೆಗಳಲ್ಲಿ ರೂಢಿಯಾಗಿದೆ. ಹಾಗೆ ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಹೈಟಿಯ ಪ್ರಕರಣವನ್ನು ಹತ್ತಿರದಿಂದ ಓದಿದವರಿಗೆ ಒಂದು ಎಚ್ಚರ ಉಳಿದುಬಿಡುತ್ತದೆ. ಕಾಯಿಲೆಗೆ ಹವಾಮಾನವೇ ಕಾರಣ ಎಂದುಬಿಟ್ಟರೆ ಹೊಣೆ ಹೊರುವವರು ಯಾರೂ ಉಳಿಯುವುದಿಲ್ಲ. ಹಾಗೆಂದು ಹವಾಮಾನವನ್ನು ಬದಿಗಿಡುವುದೂ ಸುಳ್ಳಾಗುತ್ತದೆ. 2016ರ ಅಕ್ಟೋಬರ್‌ನಲ್ಲಿ ಮ್ಯಾಥ್ಯೂ ಚಂಡಮಾರುತ ಬಡಿದಾಗ ಹೈಟಿಯಲ್ಲಿ ಕಾಲರಾ ಮತ್ತೆ ಏರಿತು. ರೋಗಾಣು ಒಳಗೆ ಬಂದದ್ದು ಮನುಷ್ಯರ ನಿರ್ಲಕ್ಷ್ಯದಿಂದ, ಅದು ಮತ್ತೆ ಮತ್ತೆ ಹಬ್ಬಿದ್ದು ಬಿರುಗಾಳಿ ಮತ್ತು ನೆರೆಯ ನೆರವಿನಿಂದ. ಈ ಎರಡನ್ನೂ ಬಿಡಿಸಿ ತೋರಿಸುವ ಸಂಶೋಧನೆ ಜನರಿಗೆ ಬೇಕು. ಎರಡನ್ನೂ ಕಲಸಿ ‘ಹವಾಮಾನದ ಪರಿಣಾಮ’ ಎಂಬ ಒಂದೇ ಹಣೆಪಟ್ಟಿ ಹಚ್ಚುವುದರಿಂದ ಅವರಿಗೆ ಏನೂ ಸಿಗುವುದಿಲ್ಲ.

ಮಳೆ ಬಂದರೂ ಕಾಯಿಲೆ, ಬಾರದಿದ್ದರೂ ಕಾಯಿಲೆ

ಮಳೆ ಹೆಚ್ಚಾದರೆ ಬೇಧಿ ಹೆಚ್ಚುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಈಕ್ವೆಡಾರ್ ದೇಶದ ಉತ್ತರ ಕರಾವಳಿಯ ಎಸ್ಮೆರಾಲ್ಡಾಸ್ ಪ್ರಾಂತ್ಯದ ಹಳ್ಳಿಗಳಲ್ಲಿ ವರ್ಷಗಟ್ಟಲೆ ಮನೆ ಮನೆಗೆ ಹೋಗಿ ಬೇಧಿಯ ಲೆಕ್ಕ ಬರೆದಿಟ್ಟವರಿಗೆ ಸಿಕ್ಕಿದ್ದು ಇಷ್ಟು ಸರಳ ಉತ್ತರವಲ್ಲ. 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಒಣ ವಾರಗಳ ನಂತರ ಜೋರು ಮಳೆ ಬಿದ್ದರೆ ಬೇಧಿ ಏರಿತು. ಮೊದಲೇ ಮಳೆ ಹಿಡಿದಿದ್ದು, ಆಮೇಲೆ ಇನ್ನಷ್ಟು ಜೋರು ಮಳೆಯಾದರೆ ಬೇಧಿ ಇಳಿಯಿತು. ಒಣ ದಿನಗಳಲ್ಲಿ ನೆಲದ ಮೇಲೆ ಶೇಖರವಾದ ಮಲ, ಕೊಳೆ ಎಲ್ಲವೂ ಮೊದಲ ಜೋರು ಮಳೆಗೆ ಹೊಳೆ ಸೇರುತ್ತದೆ. ಸತತ ಮಳೆಯಲ್ಲಿ ಅದು ಆಗಲೇ ಕೊಚ್ಚಿಹೋಗಿರುತ್ತದೆ, ಉಳಿದದ್ದು ತೆಳುವಾಗಿರುತ್ತದೆ. ಕುಡಿಯುವ ನೀರನ್ನು ಶುದ್ಧೀಕರಿಸಿಕೊಳ್ಳುವ ಮನೆಗಳು ಹೆಚ್ಚಿದ್ದ ಹಳ್ಳಿಗಳಲ್ಲಿ ಆ ಮೊದಲ ಮಳೆಯ ಹೊಡೆತ ಕಡಿಮೆಯಾಗಿತ್ತು ಎಂಬುದೂ ಅಲ್ಲಿ ಕಂಡಿತು.

ಇದು ಸಣ್ಣ ವಿವರದಂತೆ ಕಾಣಬಹುದು. ಆದರೆ ಮುನ್ನೆಚ್ಚರಿಕೆ ಕೊಡಬೇಕಾದ ಆರೋಗ್ಯ ಇಲಾಖೆಗೆ ವಾರ್ಷಿಕ ಮಳೆಯ ಪ್ರಮಾಣ ಯಾವ ಕೆಲಸಕ್ಕೂ ಬಾರದು ಎಂದು ಈ ವಿವರವೇ ಹೇಳುತ್ತದೆ. ಬೇಕಾದದ್ದು ಮಳೆಯ ಸರದಿ: ಎಷ್ಟು ದಿನ ಬಿಡುವು, ಆಮೇಲೆ ಎಷ್ಟು ಜೋರು. ಹವಾಮಾನ ಬದಲಾದಂತೆ ಬಿಡುವು ಉದ್ದವಾಗಿ ಮಳೆ ಬಿರುಸಾಗುತ್ತಿರುವ ಪ್ರದೇಶಗಳಿಗೆ ಈ ಲೆಕ್ಕ ಇನ್ನೂ ಮುಖ್ಯ.

ಬ್ರೆಜಿಲ್‌ನಲ್ಲಿ ಡೆಂಗಿಯ ಕಥೆಯೂ ಹೀಗೆಯೇ ತಿರುವು ಪಡೆಯಿತು. 2001ರಿಂದ 2019ರವರೆಗಿನ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಅತಿವೃಷ್ಟಿಯಾದ ಮೂರು ತಿಂಗಳೊಳಗೆ ಡೆಂಗಿ ಏರುವುದು ಕಂಡಿತು. ಅದು ಯಾರಿಗೂ ಅಚ್ಚರಿಯಲ್ಲ. ತೀವ್ರ ಬರದ ಮೂರರಿಂದ ಐದು ತಿಂಗಳ ನಂತರವೂ ಡೆಂಗಿ ಏರಿತು, ಅದರಲ್ಲೂ ನಗರಗಳಲ್ಲಿ, ನಲ್ಲಿ ನೀರು ಪದೇ ಪದೇ ನಿಲ್ಲುವ ಕಡೆಗಳಲ್ಲಿ. ನಲ್ಲಿ ನಿಂತರೆ ಜನ ಡ್ರಮ್ಮು, ಬಕೆಟ್ಟು, ತೊಟ್ಟಿಗಳಲ್ಲಿ ನೀರು ತುಂಬಿಡುತ್ತಾರೆ. ಈಡಿಸ್ ಸೊಳ್ಳೆಗೆ ಮೊಟ್ಟೆಯಿಡಲು ಅದೇ ಬೇಕು. ಬರ ಮತ್ತು ಡೆಂಗಿಯ ನಡುವೆ ನಿಂತಿರುವುದು ನಗರದ ನೀರು ಸರಬರಾಜು. ಹೀಗಿದ್ದೂ ಮನೆಮುಂದೆ ನೀರು ನಿಲ್ಲಿಸಬೇಡಿ ಎಂದು ಬಡಾವಣೆಯ ಹೆಂಗಸರಿಗೆ ಉಪದೇಶ ಮಾಡುವ ಕರಪತ್ರಗಳೇ ಎಲ್ಲೆಡೆ ಮುದ್ರಣವಾಗುತ್ತವೆ. ವಾರಕ್ಕೊಮ್ಮೆ ನೀರು ಬಿಡುವವರನ್ನು ಪ್ರಶ್ನಿಸುವ ಕರಪತ್ರವನ್ನು ನಾನಂತೂ ಕಂಡಿಲ್ಲ.

ಉಪ್ಪಿನ ಲೆಕ್ಕ ತಲೆಕೆಳಗಾದದ್ದು

ಈ ಕ್ಷೇತ್ರದ ಸಂಶೋಧನೆ ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ಬಾಂಗ್ಲಾದೇಶದ ನೈರುತ್ಯ ಕರಾವಳಿಯನ್ನು ನೋಡಬೇಕು. ಖುಲ್ನಾ ಜಿಲ್ಲೆಯ ದಾಕೋಪ್, ಸುಂದರಬನದ ಅಂಚಿನ ತಗ್ಗು ನೆಲ. ಅಲ್ಲಿ ಬಾವಿ, ಕೆರೆ, ಹೊಳೆ ಎಲ್ಲವೂ ವರ್ಷದಿಂದ ವರ್ಷಕ್ಕೆ ಉಪ್ಪಾಗುತ್ತಿವೆ. ಸಮುದ್ರ ಮಟ್ಟ ಏರುತ್ತಿರುವುದು ಒಂದು ಕಾರಣ. 2009ರ ಐಲಾ ಚಂಡಮಾರುತದಲ್ಲಿ ಒಡ್ಡುಗಳು ಒಡೆದು ಸಮುದ್ರದ ನೀರು ಊರೊಳಗೆ ನಿಂತದ್ದು ಇನ್ನೊಂದು. ಇವುಗಳ ಜೊತೆಗೆ 1975ರಲ್ಲಿ ಫರಕ್ಕಾ ಅಣೆಕಟ್ಟು ಕಾರ್ಯಾರಂಭ ಮಾಡಿದ ಮೇಲೆ ಬೇಸಿಗೆಯಲ್ಲಿ ಸಿಹಿನೀರಿನ ಹರಿವು ಕುಗ್ಗಿತು. ಸಿಗಡಿ ಸಾಕಣೆಗೆಂದು ಗದ್ದೆಗಳಿಗೆ ಉಪ್ಪುನೀರನ್ನು ಬೇಕೆಂದೇ ಹರಿಸಲಾಯಿತು. ಈ ನಾಲ್ಕರಲ್ಲಿ ಎರಡು ಹವಾಮಾನಕ್ಕೆ ಸೇರಿದವು, ಎರಡು ಸರ್ಕಾರಗಳ ಮತ್ತು ಮಾರುಕಟ್ಟೆಯ ತೀರ್ಮಾನಗಳು.

ದಾಕೋಪ್‌ನ ವೈದ್ಯರು ಗರ್ಭಿಣಿಯರಲ್ಲಿ ರಕ್ತದೊತ್ತಡ, ಗರ್ಭನಂಜು ಹೆಚ್ಚು ಕಾಣುತ್ತಿದೆ ಎಂದು ಗಮನಿಸಿದ್ದರು. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿನ ಮಹಿಳೆಯರಿಗೆ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದಲೇ ದಿನಕ್ಕೆ 5ರಿಂದ 16 ಗ್ರಾಂ ಸೋಡಿಯಂ ಹೊಟ್ಟೆ ಸೇರುತ್ತಿದೆ ಎಂದು ಅಂದಾಜಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಪ್ರಕಾರ ಎಲ್ಲ ಮೂಲಗಳಿಂದ ಸೇರಿ ಅದು ದಿನಕ್ಕೆ 2 ಗ್ರಾಂ ಮೀರಬಾರದು. ಗರ್ಭಿಣಿಯರ ರಕ್ತದೊತ್ತಡವೂ ಮಳೆಗಾಲಕ್ಕಿಂತ ಒಣ ತಿಂಗಳುಗಳಲ್ಲಿ ಹೆಚ್ಚಿತ್ತು. ಎಲ್ಲವೂ ಹೊಂದಿಕೊಳ್ಳುತ್ತಿತ್ತು. ಸಮುದ್ರ ಏರಿದರೆ ಉಪ್ಪು, ಉಪ್ಪು ಏರಿದರೆ ರಕ್ತದೊತ್ತಡ, ಅದರ ಬೆಲೆ ತೆರುವವರು ಗರ್ಭಿಣಿಯರು. ಪತ್ರಿಕೆಗಳಿಗೂ ಅನುದಾನ ಸಂಸ್ಥೆಗಳಿಗೂ ಈ ಸರಪಳಿ ಹಿಡಿಸಿತು.

ನಂತರ ಇನ್ನಷ್ಟು ಜನರನ್ನು, ಹೆಚ್ಚು ಕಾಲ, ಮೂತ್ರದ ಮಾದರಿಯ ಸಮೇತ ಪರೀಕ್ಷಿಸಲಾಯಿತು. 2019ರಲ್ಲಿ ಅಮೆರಿಕದ ಹೃದ್ರೋಗ ಸಂಘದ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಈ ಸರಪಳಿಯ ಒಂದು ಕೊಂಡಿಯನ್ನು ಅಲುಗಾಡಿಸಿತು. ಅಲ್ಪ ಪ್ರಮಾಣದಲ್ಲಿ ಉಪ್ಪಿರುವ ನೀರು ಕುಡಿದವರ ರಕ್ತದೊತ್ತಡ ಸಿಹಿನೀರು ಕುಡಿದವರಿಗಿಂತ ತುಸು ಕಡಿಮೆಯೇ ಇತ್ತು! ಸೋಡಿಯಂ ಅವರ ದೇಹಕ್ಕೆ ಹೆಚ್ಚು ಹೋಗುತ್ತಿದ್ದದ್ದು ನಿಜ. ಅದೇ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಹ ಇದ್ದವು, ಅವು ರಕ್ತದೊತ್ತಡವನ್ನು ತಗ್ಗಿಸುವ ಕಡೆಗೆ ಎಳೆಯುತ್ತವೆ. ಮಳೆನೀರಿನಲ್ಲಾದರೋ ಈ ಖನಿಜಗಳು ಇಲ್ಲವೆಂದೇ ಹೇಳಬೇಕು.

ಇದನ್ನು ಓದಿ ಉಪ್ಪುನೀರು ಒಳ್ಳೆಯದು ಎಂದು ತೀರ್ಮಾನಿಸುವುದು ಮೂರ್ಖತನ. ನೀರು ತೀರಾ ಉಪ್ಪಾದಾಗ ಏನಾಗುತ್ತದೆ, ಗರ್ಭಿಣಿಯರಿಗೆ ಏನಾಗುತ್ತದೆ ಎಂಬ ಪ್ರಶ್ನೆಗಳು ಅಲ್ಲೇ ಇವೆ. ಆದರೆ ಮಳೆನೀರಿನ ಟ್ಯಾಂಕು ಕೊಟ್ಟರೆ ಸಾಕು, ಉಪ್ಪು ತೆಗೆಯುವ ಯಂತ್ರ ಇಟ್ಟರೆ ಸಾಕು ಎಂದು ಹೊರಟ ಯೋಜನೆಗಳು ನೀರಿನಿಂದ ಏನನ್ನು ತೆಗೆಯುತ್ತಿದ್ದೇವೆ ಎಂಬುದರ ಜೊತೆಗೆ ಇನ್ನೇನು ಹೋಗುತ್ತಿದೆ ಎಂದೂ ನೋಡಬೇಕಾಯಿತು. ಮೊದಲ ಅಧ್ಯಯನ ಸುಳ್ಳಾಗಿರಲಿಲ್ಲ, ಅದು ಆರಂಭ ಮಾತ್ರ. ತಂಡಗಳು ಅಲ್ಲೇ ಉಳಿದದ್ದರಿಂದ ಎರಡನೆಯ ಪ್ರಶ್ನೆ ಕೇಳಲು ಸಾಧ್ಯವಾಯಿತು. ಮೂರು ವರ್ಷದ ಅನುದಾನಕ್ಕೆ ಬಂದು, ಒಂದು ಪ್ರಬಂಧ ಬರೆದು ಹೊರಟುಬಿಡುವ ಪದ್ಧತಿಯಲ್ಲಿ ಮೊದಲ ಉತ್ತರವೇ ಕೊನೆಯ ಉತ್ತರವಾಗಿ ನಿಲ್ಲುತ್ತದೆ.

ಬಾಂಗ್ಲಾದೇಶದಲ್ಲೇ, ಒಂದು ತಲೆಮಾರಿನ ಹಿಂದೆ, ಆದದ್ದು ಇದೇ. 1970ರ ದಶಕದಲ್ಲಿ ಕೆರೆ ಹೊಳೆಗಳ ನೀರು ಕುಡಿದು ಮಕ್ಕಳು ಕಾಲರಾ, ಬೇಧಿಗೆ ಬಲಿಯಾಗುತ್ತಿದ್ದಾರೆಂದು ಸರ್ಕಾರ ಮತ್ತು ಯುನಿಸೆಫ್ ಕೈಪಂಪಿನ ಕೊಳವೆಬಾವಿಗಳನ್ನು ಹರಡಿದವು. ಉದ್ದೇಶ ಒಳ್ಳೆಯದೇ. ಆ ನೀರಿನಲ್ಲಿ ಆರ್ಸೆನಿಕ್ ಇದೆಯೇ ಎಂದು ಯಾರೂ ಪರೀಕ್ಷಿಸಲಿಲ್ಲ. ಗಡಿಯಾಚೆ ಪಶ್ಚಿಮ ಬಂಗಾಳದಲ್ಲಿ ಕೋಲ್ಕತ್ತದ ಚರ್ಮರೋಗ ತಜ್ಞ ಕೆ.ಸಿ. ಸಾಹಾ 1980ರ ದಶಕದ ಆರಂಭದಲ್ಲೇ ಆರ್ಸೆನಿಕ್ ವಿಷದ ರೋಗಿಗಳನ್ನು ಗುರುತಿಸಿದ್ದರು. 1992ರಲ್ಲಿ ಬ್ರಿಟಿಷ್ ಭೂವೈಜ್ಞಾನಿಕ ಸಮೀಕ್ಷೆ ಬಾಂಗ್ಲಾದೇಶದ ಅಂತರ್ಜಲವನ್ನು ಪರಿಶೀಲಿಸಿತು, ಆರ್ಸೆನಿಕ್ ಅದರ ಪಟ್ಟಿಯಲ್ಲಿ ಇರಲಿಲ್ಲ. ಮರುವರ್ಷವೇ ಅಲ್ಲಿನ ಬಾವಿಗಳಲ್ಲಿ ಅದು ಪತ್ತೆಯಾಯಿತು. ಸಮೀಕ್ಷೆಯ ಮೇಲೆ ಹೂಡಿದ ಮೊಕದ್ದಮೆ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 2006ರಲ್ಲಿ ವಜಾ ಆಯಿತು. ವರದಿ ಬರೆದವರಿಗೆ ಆ ನೀರು ಕುಡಿದವರ ಕುರಿತು ಕಾನೂನಿನ ಹೊಣೆ ಇಲ್ಲ ಎಂಬುದು ತೀರ್ಪಿನ ಸಾರ. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯಿರಬಹುದು. ಸಂಶೋಧನೆಗೂ ಅದರ ವಿಷಯವಾದ ಜನರಿಗೂ ನಡುವೆ ಎಷ್ಟು ಅಂತರವಿದೆ ಎಂಬುದಕ್ಕೆ ಇದಕ್ಕಿಂತ ಖಚಿತ ದಾಖಲೆ ಸಿಗಲಾರದು.

2000ದ ನಂತರದ ಕೆಲವೇ ವರ್ಷಗಳಲ್ಲಿ ಸುಮಾರು 50 ಲಕ್ಷ ಬಾವಿಗಳನ್ನು ಪರೀಕ್ಷಿಸಿ, ಅಪಾಯವಿದ್ದವಕ್ಕೆ ಕೆಂಪು, ಇಲ್ಲದವಕ್ಕೆ ಹಸಿರು ಬಣ್ಣ ಬಳಿಯಲಾಯಿತು. ಇಷ್ಟು ನೇರವಾಗಿ ಪ್ರಯೋಗಾಲಯದ ಫಲಿತಾಂಶ ಜನರ ಕಣ್ಣಿಗೆ ಬಿದ್ದ ಉದಾಹರಣೆಗಳು ಕಡಿಮೆ. ಅರೈಹಜಾರ್ ಪ್ರದೇಶದಲ್ಲಿ ಬಾವಿ ಅಸುರಕ್ಷಿತ ಎಂದು ತಿಳಿದ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳು ವರ್ಷದೊಳಗೆ ಬೇರೆ ಬಾವಿಗೆ ಹೋದವು. ಅಂದರೆ ಜನರಿಗೆ ತಿಳಿಸಿದರೆ ಸಾಕು, ಅವರೇ ದಾರಿ ಹುಡುಕಿಕೊಳ್ಳುತ್ತಾರೆ ಎಂದುಕೊಳ್ಳಬಹುದೇ? ಅದೂ ಪೂರ್ತಿ ಸರಿಯಲ್ಲ. ಹಿತ್ತಲ ಬಾವಿ ಬಿಟ್ಟು ದೂರದ ನೀರಿಗೆ ಹೋದ ಮನೆಗಳಲ್ಲಿ ಹಸುಳೆಗಳ ಸಾವು ಹೆಚ್ಚಿತು ಎಂದು ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಮುಂದೆ ವಾದಿಸಿತು. ದೂರದಿಂದ ಹೊತ್ತು ತಂದು ಕೊಡದಲ್ಲಿ ಇಟ್ಟ ನೀರಿಗೆ ರೋಗಾಣು ಸೇರಲು ಅವಕಾಶ ಹೆಚ್ಚು. ಇನ್ನು ಸರ್ಕಾರ ಕೊರೆಸಿದ ಸುರಕ್ಷಿತ ಆಳದ ಬಾವಿಗಳಲ್ಲಿ ಎಷ್ಟೋ ರಾಜಕಾರಣಿಗಳ ಆಪ್ತರ ಅಂಗಳ ಸೇರಿದವು ಎಂದು ಹ್ಯೂಮನ್ ರೈಟ್ಸ್ ವಾಚ್ 2016ರಲ್ಲಿ ವರದಿ ಮಾಡಿತು. ಇಷ್ಟೆಲ್ಲ ಜ್ಞಾನ ಕೂಡಿಸಿ ಕೊನೆಗೆ ಬಾವಿ ಎಲ್ಲಿ ಕೊರೆಯಬೇಕು ಎಂಬುದನ್ನು ಶಾಸಕರ ಮನೆಯ ಜಗಲಿಯಲ್ಲಿ ನಿರ್ಧರಿಸುವುದಾದರೆ ಭೂವಿಜ್ಞಾನಿಗಳು ಬರುವ ಅಗತ್ಯವೇನಿತ್ತು?

ಕಬ್ಬಿನ ಗದ್ದೆಯ ಮೂತ್ರಪಿಂಡ

ಪ್ರಶ್ನೆಯನ್ನು ಯಾರು ಕೇಳುತ್ತಾರೆ ಎಂಬುದರ ಮೇಲೆ ಉತ್ತರ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳನ್ನು ನೋಡಬೇಕು. 2002ರಲ್ಲಿ ಎಲ್ ಸಾಲ್ವಡಾರ್‌ನ ರಾಜಧಾನಿಯ ಆಸ್ಪತ್ರೆಯೊಂದರ ವೈದ್ಯರು ವಿಚಿತ್ರ ಸಂಗತಿಯೊಂದನ್ನು ವರದಿ ಮಾಡಿದರು. ಮೂತ್ರಪಿಂಡ ವೈಫಲ್ಯದಿಂದ ಬರುತ್ತಿದ್ದ ಎಷ್ಟೋ ರೋಗಿಗಳಿಗೆ ಸಕ್ಕರೆ ಕಾಯಿಲೆಯೂ ಇರಲಿಲ್ಲ, ರಕ್ತದೊತ್ತಡವೂ ಇರಲಿಲ್ಲ. ಹೆಚ್ಚಿನವರು ಕರಾವಳಿಯ ಬಿಸಿಲಿನಲ್ಲಿ ದುಡಿಯುವ ಕೃಷಿ ಕೂಲಿಗಳು, ಗಂಡಸರು. ನಿಕರಾಗುವಾದ ಚಿಚಿಗಾಲ್ಪಾದಲ್ಲಿ ಕಬ್ಬು ಕಡಿಯುವವರು ಎಷ್ಟು ಸತ್ತರೆಂದರೆ, ಲಾ ಇಸ್ಲಾ ಎಂಬ ಅಲ್ಲಿನ ಒಂದು ಊರನ್ನು ಜನ ವಿಧವೆಯರ ದ್ವೀಪ ಎಂದೇ ಕರೆಯತೊಡಗಿದರು.

ಅಲ್ಲಿನ ಸಕ್ಕರೆ ಕಂಪನಿಗೆ ವಿಶ್ವ ಬ್ಯಾಂಕ್ ಸಮೂಹದ ಅಂತರರಾಷ್ಟ್ರೀಯ ಹಣಕಾಸು ನಿಗಮ ಸಾಲ ಕೊಟ್ಟಿತ್ತು. 2008ರಲ್ಲಿ ಕಾಯಿಲೆ ಬಿದ್ದ ಮಾಜಿ ಕಾರ್ಮಿಕರು ಆ ನಿಗಮದ ದೂರು ವಿಚಾರಣಾ ಕಚೇರಿಗೆ ದೂರು ಕೊಟ್ಟರು. ಮಾತುಕತೆಯ ಫಲವಾಗಿ ಕಾರಣ ಹುಡುಕುವ ಅಧ್ಯಯನವೊಂದಕ್ಕೆ ಒಪ್ಪಿಗೆಯಾಯಿತು. ಅದನ್ನು ಯಾರು ಮಾಡಬೇಕು ಎಂಬ ಆಯ್ಕೆಯಲ್ಲಿ ಕಾರ್ಮಿಕರಿಗೂ ಪಾಲು ಇತ್ತು. ಬಾಸ್ಟನ್ ವಿಶ್ವವಿದ್ಯಾಲಯ ಬಂದದ್ದು ಹೀಗೆ. ಸುಗ್ಗಿಯ ಆರಂಭದಲ್ಲಿ ಮತ್ತು ಕೊನೆಯಲ್ಲಿ ಅದೇ ಕಾರ್ಮಿಕರ ರಕ್ತ, ಮೂತ್ರ ಪರೀಕ್ಷಿಸಿದಾಗ ಕಡಿಯುವವರ ಮೂತ್ರಪಿಂಡಕ್ಕೆ ಒಂದೇ ಸುಗ್ಗಿಯಲ್ಲಿ ಪೆಟ್ಟು ಬೀಳುವುದು ಕಂಡಿತು. ಇನ್ನೂ ಗದ್ದೆಗಿಳಿಯದ ಹದಿಹರೆಯದವರಲ್ಲೂ ಕೆಲವರಿಗೆ ಹಾನಿಯ ಸೂಚನೆಗಳಿದ್ದವು. ಈ ಎರಡನೆಯ ಸಂಗತಿ ಎಲ್ಲರಿಗೂ ತೊಡಕು ತಂದಿತು. ಬಿಸಿಲಷ್ಟೇ ಕಾರಣ ಎನ್ನುವವರಿಗೂ, ಕಾರ್ಖಾನೆಯಷ್ಟೇ ಕಾರಣ ಎನ್ನುವವರಿಗೂ ಅದು ಅನುಕೂಲವಾಗಿರಲಿಲ್ಲ.

ಈ ಕಾಯಿಲೆಯ ಪೂರ್ಣ ಕಾರಣ ಇಂದಿಗೂ ಇತ್ಯರ್ಥವಾಗಿಲ್ಲ. ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತ್ಯದ ಭತ್ತದ ರೈತರಲ್ಲಿ, ಆಂಧ್ರಪ್ರದೇಶದ ಉದ್ದಾನಂ ಪ್ರದೇಶದಲ್ಲಿ ಕಾಣುವ ಇಂಥದ್ದೇ ಕಾಯಿಲೆಗೆ ಗಡಸು ನೀರು, ಫ್ಲೋರೈಡ್, ಭಾರಲೋಹ, ಕೀಟನಾಶಕ, ನಿರ್ಜಲೀಕರಣ ಎಲ್ಲವನ್ನೂ ಒಬ್ಬರಲ್ಲ ಒಬ್ಬರು ಆರೋಪಿಯಾಗಿ ನಿಲ್ಲಿಸಿದ್ದಾರೆ. ಶ್ರೀಲಂಕಾ 2015ರಲ್ಲಿ ಗ್ಲೈಫೋಸೇಟ್ ಕಳೆನಾಶಕವನ್ನು ನಿಷೇಧಿಸಿತು. ಮೂರು ವರ್ಷಗಳ ನಂತರ ಚಹಾ ಮತ್ತು ರಬ್ಬರ್ ತೋಟಗಳಿಗೆ ನಿಷೇಧ ಸಡಿಲಿಸಿತು. ಕಾಯಿಲೆ ಭತ್ತದ ರೈತರದ್ದು, ವಿನಾಯಿತಿ ತೋಟದ ಬೆಳೆಗಳಿಗೆ. ನಿರ್ಧಾರ ಯಾವುದಾದರೂ ಇರಲಿ, ಅದು ರೋಗಿಗಳ ಲೆಕ್ಕ ನೋಡಿ ಬಂದದ್ದಲ್ಲ ಎಂದು ಊಹಿಸುವುದು ಕಷ್ಟವಲ್ಲ.

ಹಾಗಾದರೆ ಪೂರ್ಣ ಕಾರಣ ತಿಳಿಯುವವರೆಗೆ ಕೈಕಟ್ಟಿ ಕೂರಬೇಕೇ? ನಿಕರಾಗುವಾದ ಗದ್ದೆಗಳಲ್ಲಿ ಕೂರಲಿಲ್ಲ. ಕಬ್ಬು ಕಡಿಯುವವರಿಗೆ ಹೊತ್ತು ಹೊತ್ತಿಗೆ ಕಡ್ಡಾಯ ವಿಶ್ರಾಂತಿ, ನೆರಳಿಗೆ ಡೇರೆ, ಸಾಕಷ್ಟು ನೀರು ಮತ್ತು ಲವಣದ ದ್ರಾವಣ ಕೊಟ್ಟು, ಅದೇ ಹೊತ್ತಿಗೆ ಮೂತ್ರಪಿಂಡದ ಸ್ಥಿತಿಯನ್ನು ತೋರಿಸುವ ಕ್ರಿಯಾಟಿನಿನ್ ಅಂಶವನ್ನು ಅವರ ರಕ್ತದಲ್ಲಿ ಅಳೆಯುತ್ತಾ ಹೋದಾಗ ಸುಗ್ಗಿಯಲ್ಲಿ ಹೊಸದಾಗಿ ಮೂತ್ರಪಿಂಡ ಕೆಡುವವರ ಪ್ರಮಾಣ ಇಳಿಯಿತು. ಬರೀ ನೀರು ಕೊಟ್ಟರೆ ಆಗಲಿಲ್ಲ, ವಿಶ್ರಾಂತಿ ಬೇಕಾಯಿತು. ಕಡಿದ ಟನ್ನಿನ ಲೆಕ್ಕದಲ್ಲಿ ಕೂಲಿ ಎಣಿಸುವ ಕಡೆ ವಿಶ್ರಾಂತಿ ಎಂದರೆ ಕೂಲಿಯ ಕಡಿತ. ಆದ್ದರಿಂದ ಬಿಸಿಯಾಗುತ್ತಿರುವ ಭೂಮಿಯಲ್ಲಿ ಮೂತ್ರಪಿಂಡ ಉಳಿಸುವ ಪ್ರಶ್ನೆ ಕೊನೆಗೆ ಕೂಲಿ ಕೊಡುವ ವಿಧಾನದ ಪ್ರಶ್ನೆಯಾಗಿ ನಿಲ್ಲುತ್ತದೆ. ತಾಪಮಾನದ ನಕ್ಷೆ ಬಿಡಿಸುವ ಸಂಶೋಧಕರು ಕೂಲಿಯ ರಸೀದಿಯನ್ನೂ ಓದಲು ಕಲಿಯಬೇಕಾಗಿದೆ.

ಅಗ್ಗದ ಪರಿಹಾರಗಳ ಮಿತಿ

ಅಗ್ಗದ ಪರಿಹಾರ ಕೆಲಸ ಮಾಡಿದ ಉದಾಹರಣೆಗಳಿವೆ, ಅವು ಸಣ್ಣವೇನಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ ವೈದ್ಯ ದಿಲೀಪ್ ಮಹಲನಬೀಸ್ ಸಲೈನ್ ಬಾಟಲಿಗಳು ಮುಗಿದಾಗ ಉಪ್ಪು, ಸಕ್ಕರೆ ಮತ್ತು ಅಡಿಗೆ ಸೋಡಾ ಕಲಸಿದ ನೀರನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಕಾಲರಾ ಸಾವಿನ ಪ್ರಮಾಣ ಸುಮಾರು ಶೇ. 30ರಿಂದ ಶೇ. 4ಕ್ಕಿಂತ ಕೆಳಗೆ ಬಂತು. ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದರೆ ಕಾಲರಾ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂದು 2003ರಲ್ಲಿ ತೋರಿಸಿದರು. ರೋಗಾಣು ತಾನೇ ಬಟ್ಟೆಯ ಕಣ್ಣಿನಲ್ಲಿ ನುಸುಳಿಹೋಗುವಷ್ಟು ಸಣ್ಣದು. ಆದರೆ ಅದು ಅಂಟಿಕೊಂಡು ಬದುಕುವ ನೀರಿನ ಕಿರುಜೀವಿಗಳು ದೊಡ್ಡವು, ಅವು ಬಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಸಮುದ್ರ ಬೆಚ್ಚಗಾದಂತೆ ಆ ಜೀವಿಗಳೂ ಹೆಚ್ಚುತ್ತವೆ ಎಂಬ ಅರಿವು ಈ ಉಪಾಯದ ಹಿಂದೆ ಇತ್ತು. ಹವಾಮಾನ ಮತ್ತು ಕಾಲರಾದ ನಂಟನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಕೋಲ್ವೆಲ್ ಒಬ್ಬರು. ಹೈಟಿಯ ವಿಷಯದಲ್ಲಿ ಅದೇ ವಾದ ಹೊಂದಲಿಲ್ಲ ಎಂಬುದು ವಿಜ್ಞಾನದ ಸಹಜ ನಡೆ.

ಇಂಥ ಯಶಸ್ಸುಗಳಿಂದ ಒಂದು ಆಸೆ ಬೆಳೆಯಿತು: ಮನೆಗೊಂದು ಕ್ಲೋರಿನ್ ಬಾಟಲಿ, ಗುಂಡಿಯ ಶೌಚಾಲಯ, ಕೈತೊಳೆಯುವ ಜಾಗ ಕೊಟ್ಟರೆ ಮಕ್ಕಳ ಬೇಧಿ ನಿಲ್ಲುತ್ತದೆ, ಅವರು ಎತ್ತರ ಬೆಳೆಯುತ್ತಾರೆ. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ಈ ಆಸೆಯನ್ನು ಸಾವಿರಾರು ತಾಯಿ ಮಕ್ಕಳ ಮೇಲೆ ಕಟ್ಟುನಿಟ್ಟಾಗಿ ಪರೀಕ್ಷಿಸಲಾಯಿತು. 2018 ಮತ್ತು 2019ರಲ್ಲಿ ಫಲಿತಾಂಶ ಬಂತು. ಮೂರೂ ಕಡೆ ಮಕ್ಕಳ ಬೆಳವಣಿಗೆಯಲ್ಲಿ ನೀರು ಮತ್ತು ನೈರ್ಮಲ್ಯದ ಈ ಸಾಮಗ್ರಿಗಳಿಂದ ವ್ಯತ್ಯಾಸ ಕಾಣಲಿಲ್ಲ. ಬೇಧಿ ಬಾಂಗ್ಲಾದೇಶದಲ್ಲಿ ಇಳಿಯಿತು, ಉಳಿದೆರಡು ಕಡೆ ಇಳಿಯಲಿಲ್ಲ. ಬಾಂಗ್ಲಾದೇಶದಲ್ಲಿ ಕಾರ್ಯಕರ್ತೆಯರು ತಿಂಗಳಲ್ಲಿ ಹಲವು ಬಾರಿ ಮನೆಗೆ ಹೋಗುತ್ತಿದ್ದರು, ಕೀನ್ಯಾದಲ್ಲಿ ಅಷ್ಟು ಬಾರಿ ಹೋಗುತ್ತಿರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದರು ಎಂದು ಕೆಲವರು ನಕ್ಕರು. ನನ್ನ ಪ್ರಕಾರ ಇವು ಈ ಕ್ಷೇತ್ರದ ಅತ್ಯಂತ ಪ್ರಾಮಾಣಿಕ ಅಧ್ಯಯನಗಳು. ಸುತ್ತಲಿನ ನೆಲ, ಅಂಗಳದಲ್ಲಿ ಓಡಾಡುವ ಕೋಳಿ ದನ, ನೆರೆಮನೆಯ ಗುಂಡಿ ಎಲ್ಲವೂ ಹಾಗೆಯೇ ಇರುವಾಗ ಒಂದು ಮನೆಗೆ ಬಾಟಲಿ ಕೊಟ್ಟು ಪವಾಡ ನಿರೀಕ್ಷಿಸಬೇಡಿ ಎಂದು ಅವು ಹೇಳಿದವು. ನಗರದ ಅನುಕೂಲಸ್ಥರಿಗೆ ಯಾರೂ ಕ್ಲೋರಿನ್ ಬಾಟಲಿ ಹಂಚಿ ಪ್ರಯೋಗ ನಡೆಸುವುದಿಲ್ಲ. ಅವರಿಗೆ ಕೊಳವೆಯಲ್ಲಿ ನೀರು ಬರುತ್ತದೆ, ಕೊಳವೆಯಲ್ಲಿ ಕೊಳಚೆ ಹೋಗುತ್ತದೆ.

ಲೆಕ್ಕಕ್ಕೆ ಸಿಗದ ಸಾವು

ಹವಾಮಾನ ಬದಲಾವಣೆಯಿಂದ 2030 ಮತ್ತು 2050ರ ನಡುವೆ ವರ್ಷಕ್ಕೆ ಸುಮಾರು ಎರಡೂವರೆ ಲಕ್ಷ ಹೆಚ್ಚುವರಿ ಸಾವು ಎಂಬ ಅಂಕಿಯನ್ನು ನೀವು ಎಲ್ಲಾದರೂ ಓದಿಯೇ ಇರುತ್ತೀರಿ. ಅದು ವಿಶ್ವ ಆರೋಗ್ಯ ಸಂಸ್ಥೆಯ 2014ರ ಅಂದಾಜು. ಅದರ ಒಳಗಿರುವುದು ಮುಖ್ಯವಾಗಿ ನಾಲ್ಕು: ಅಪೌಷ್ಟಿಕತೆ, ಮಲೇರಿಯಾ, ಬೇಧಿ, ಬಿಸಿಲಿನ ಹೊಡೆತ. ಕಬ್ಬಿನ ಗದ್ದೆಯ ಮೂತ್ರಪಿಂಡ ಅದರಲ್ಲಿಲ್ಲ. ಉಪ್ಪುನೀರಿನ ರಕ್ತದೊತ್ತಡ ಇಲ್ಲ. ಇರುವ ಮಾಹಿತಿಯಲ್ಲಿ ಮಾಡಬಹುದಾದ್ದನ್ನು ಅವರು ಮಾಡಿದರು. ಭಾಷಣಗಳಲ್ಲಿ ಮಾತ್ರ ಈ ಅಂಕಿ ಹವಾಮಾನದ ಒಟ್ಟು ಬೆಲೆಯೆಂಬಂತೆ ಓಡಾಡುತ್ತಿದೆ.

ಅದಕ್ಕಿಂತ ಕೆಳಗಿನ ಸಮಸ್ಯೆ ಇನ್ನೂ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಪರಿಶೀಲನೆಯ ಪ್ರಕಾರ ಜಗತ್ತಿನಲ್ಲಿ ಹತ್ತರಲ್ಲಿ ನಾಲ್ಕು ಸಾವುಗಳು ದಾಖಲಾಗುವುದೇ ಇಲ್ಲ. ಆಫ್ರಿಕಾ ವಲಯದಲ್ಲಿ ಹತ್ತರಲ್ಲಿ ಒಂದು ಮಾತ್ರ ದಾಖಲಾಗುತ್ತದೆ. ಹವಾಮಾನ ಕೇಂದ್ರಗಳು ವಿರಳವಾಗಿರುವುದೂ ಅದೇ ಖಂಡದಲ್ಲಿ. ಒಂದು ಬಿಸಿಗಾಳಿ ಎಷ್ಟು ಜನರನ್ನು ಕೊಂದಿತು ಎಂದು ಲೆಕ್ಕ ಹಾಕಲು ಎರಡು ಪುಸ್ತಕ ಬೇಕು, ಒಂದು ತಾಪಮಾನದ್ದು, ಇನ್ನೊಂದು ಸಾವಿನದ್ದು. ಎರಡೂ ಇರುವ ಕಡೆ ಪ್ರಬಂಧಗಳು ಹುಟ್ಟುತ್ತವೆ. ಎರಡೂ ಇಲ್ಲದ ಕಡೆಯ ಕುರಿತು ಬೇರೆ ಕಡೆಯ ಪ್ರಬಂಧಗಳಿಂದ ಅಂದಾಜು ಹುಟ್ಟುತ್ತದೆ. ಆ ಅಂದಾಜೇ ಸುತ್ತಿ ಬಂದು ಯೋಜನೆಯಾಗುತ್ತದೆ. ಯುರೋಪಿನ ವೃದ್ಧರ ಸಾವಿನಿಂದ ಕಲಿತ ಬಿಸಿಲಿನ ಮಿತಿ ಇಟ್ಟಿಗೆ ಗೂಡಿನ ಕೂಲಿಗೆ ಎಷ್ಟು ಹೊಂದುತ್ತದೆ?

ಮಾಹಿತಿ ಸಂಗ್ರಹವಾದ ಕಡೆಯೂ ಅದು ಯಾರದ್ದಾಗಿ ಉಳಿಯುತ್ತದೆ ಎಂಬ ತಕರಾರಿದೆ. ಅಮೆರಿಕದ ಅರಿಜೋನಾದ ಹವಸುಪಾಯ್ ಬುಡಕಟ್ಟಿನವರು 1990ರಲ್ಲಿ ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು ರಕ್ತ ಕೊಟ್ಟರು. ಆ ರಕ್ತ ಅವರಿಗೆ ತಿಳಿಯದೆ ಬೇರೆ ವಿಷಯಗಳ ಸಂಶೋಧನೆಗೂ ಬಳಕೆಯಾಯಿತು. 2010ರಲ್ಲಿ ಆ ಅಧ್ಯಯನ ನಡೆಸಿದ ವಿಶ್ವವಿದ್ಯಾಲಯ ರಾಜಿ ಮಾಡಿಕೊಂಡು ಪರಿಹಾರ ಕೊಟ್ಟಿತು, ಮಾದರಿಗಳನ್ನು ಹಿಂದಿರುಗಿಸಿತು. ದಕ್ಷಿಣ ಆಫ್ರಿಕಾದ ಸಾನ್ ಜನರು 2017ರಲ್ಲಿ ತಮ್ಮದೇ ಸಂಶೋಧನಾ ನೀತಿ ಸಂಹಿತೆಯನ್ನು ಹೊರತಂದರು: ನಮ್ಮ ನಡುವೆ ಸಂಶೋಧನೆ ಮಾಡುವವರು ನಮ್ಮನ್ನು ಗೌರವಿಸಬೇಕು, ನಿಜ ಹೇಳಬೇಕು, ಫಲದಲ್ಲಿ ಪಾಲು ಕೊಡಬೇಕು. ಇಷ್ಟು ಸಾಮಾನ್ಯ ಸಂಗತಿಗಳನ್ನು ಬರೆದು ಮುಂದಿಡಬೇಕಾಯಿತು ಎಂಬುದೇ ಸಂಶೋಧಕರಿಗೆ ಮುಜುಗರ ತರಬೇಕು. ನೀರಿನ ವಿಷಯದಲ್ಲಿ ಇದು ಮತ್ತೂ ಸೂಕ್ಷ್ಮ. ರಕ್ತದ ಫಲಿತಾಂಶ ಒಬ್ಬರದ್ದು, ಬಾವಿಯ ಫಲಿತಾಂಶ ಊರಿನದ್ದು. ನಿಮ್ಮ ಬಾವಿಯಲ್ಲಿ ವಿಷವಿದೆ ಎಂದು ಪ್ರಬಂಧದಲ್ಲಿ ಬರೆದು, ಊರಿನವರಿಗೆ ಹೇಳಲು ಪ್ರಕಟಣೆಯವರೆಗೆ ಕಾಯುವ ತಂಡಗಳಿದ್ದರೆ ಅವರಿಗೆ ಅನುಮತಿ ಕೊಟ್ಟ ನೈತಿಕ ಸಮಿತಿಗಳೂ ಅದರ ಪಾಲುದಾರರು.

ಇದೆಲ್ಲದರ ನಡುವೆ ಹಣದ ಮಾತು ಬರದೇ ಇರದು. ಮತ್ಲಬ್‌ನಲ್ಲಿ 1966ರಿಂದ ಹುಟ್ಟು, ಸಾವು, ವಲಸೆಯ ಲೆಕ್ಕ ಬಿಡದೆ ನಡೆದುಬಂದಿದೆ. ಸೀರೆಯ ಸೋಸುಕ ಪರೀಕ್ಷೆಯಾದದ್ದು ಅಲ್ಲಿ ಎಂಬುದು ಆಕಸ್ಮಿಕವಲ್ಲ. ಯಾರಿಗೆ ಕಾಲರಾ ಬಂತು, ಯಾರಿಗೆ ಬರಲಿಲ್ಲ ಎಂದು ಹೇಳಬಲ್ಲ ಪುಸ್ತಕ ಅಲ್ಲಿತ್ತು. ಅದನ್ನು ನಡೆಸುವ ಢಾಕಾದ ಅಂತರರಾಷ್ಟ್ರೀಯ ಅತಿಸಾರ ಸಂಶೋಧನಾ ಕೇಂದ್ರ 2025ರ ಆರಂಭದಲ್ಲಿ ಅಮೆರಿಕದ ನೆರವು ದಿಢೀರನೆ ನಿಂತಾಗ ಸಾವಿರಕ್ಕೂ ಹೆಚ್ಚು ಸಿಬ್ಬಂದಿಯನ್ನು ಕೆಲಸದಿಂದ ಬಿಡಬೇಕಾಯಿತು. ಅದೇ ವೇಳೆಗೆ ಅಮೆರಿಕದ ಹಣದಿಂದ 1984ರಿಂದ ತೊಂಬತ್ತು ದೇಶಗಳಲ್ಲಿ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಗಳಿಗೆ ನೆರವಾಗುತ್ತಿದ್ದ ಕಾರ್ಯಕ್ರಮವನ್ನೂ ರದ್ದು ಮಾಡಲಾಯಿತು. ಬೇರೆ ದಾನಿಗಳು ಮುಂದೆ ಬಂದು ಅದರ ಒಂದಷ್ಟು ಭಾಗವನ್ನು ಎತ್ತಿ ನಿಲ್ಲಿಸಿದ್ದಾರೆ. ಇನ್ನೊಂದು ದೇಶದ ಚುನಾವಣೆಯ ಫಲಿತಾಂಶಕ್ಕೆ ತಮ್ಮ ಮಕ್ಕಳ ಸಾವಿನ ಲೆಕ್ಕವನ್ನು ಕಟ್ಟಿಹಾಕಿಕೊಂಡ ಸರ್ಕಾರಗಳೂ ಇಲ್ಲಿ ಉತ್ತರ ಹೇಳಬೇಕು. ಜನನ ಮರಣ ನೋಂದಣಿ, ಬಾವಿ ನೀರಿನ ಪರೀಕ್ಷೆ ಇವು ಉಪಗ್ರಹ ಹಾರಿಸುವಷ್ಟು ದುಬಾರಿ ಕೆಲಸಗಳಲ್ಲ. ತಮ್ಮ ಬಜೆಟ್ಟಿನಲ್ಲೇ ಇವುಗಳಿಗೆ ಜಾಗ ಮಾಡಬಹುದಾದ ದೇಶಗಳು ಎಷ್ಟೋ ಇವೆ.

ಸಮೀಕ್ಷೆ ನಿಂತುಹೋದ ವರ್ಷಗಳನ್ನು ಆಮೇಲೆ ತುಂಬಿಸಲು ಬರುವುದಿಲ್ಲ. ಮಲಾವಿಯಲ್ಲಿ 2022ರ ಚಂಡಮಾರುತಗಳ ಬೆನ್ನಿಗೆ ಶುರುವಾದ ಕಾಲರಾ 1,700ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾಲರಾ ಲಸಿಕೆಯ ಜಾಗತಿಕ ದಾಸ್ತಾನು ಸಾಲದೆ ಎರಡು ಡೋಸ್ ಬದಲು ಒಂದೇ ಡೋಸ್ ಕೊಡಲು ತೀರ್ಮಾನಿಸಲಾಯಿತು. ಇದ್ದ ಸ್ವಲ್ಪ ಲಸಿಕೆಯನ್ನು ಯಾವ ಜಿಲ್ಲೆಗೆ ಮೊದಲು ಕಳುಹಿಸಬೇಕು ಎಂದು ಹೇಳಲು ಹಿಂದಿನ ವರ್ಷಗಳ ಲೆಕ್ಕವೇ ಬೇಕಾಗುತ್ತದೆ.